ಬೀಗಿತ್ತಿಯ ಜರ್ಮನಿ

ಬೀಗಿತ್ತಿಯರನ್ನು ಹೊಗಳುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ. ಮೈಸೂರಿನಲ್ಲಿ ನನ್ನ ಅಮ್ಮ ತನ್ನ ಬೀಗಿತ್ತಿಯ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದು ಆಕೆ ತೀರಿಕೊಂಡ ಮೇಲೆ, ಅದೂ ಅರ್ಧ ವಾಕ್ಯ. ಹಾಗಿರುವಾಗ ನಾನು, ಡಾಲಸ್ ಪಕ್ಕದ ಮರ್ಫಿಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ ಲೀಲಾವತಿ, ನನ್ನ ಸೊಸೆಯ ತಾಯಿ ಕಮಲವ್ವನ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಮನೆಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನ ಮುಖವನ್ನೇ ನೋಡಿದರು. ನೋಡಲಿ. ಬರೆಯುವುದು ನಾನು.

ಕಮಲವ್ವ ಬೈಲಹೊಂಗಲದವರು. ಗಂಡ ಚಿದಾನಂದ್ ಹ್ಯೂಸ್ಟನ್ನಿನ ಎಣ್ಣೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಒಂದು ಬೆಳಿಗ್ಗೆ ಷೂ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ಮಗಳು ಪ್ರಗತಿ ಆಗ ಹೈಸ್ಕೂಲಿನಲ್ಲಿದ್ದಳು. ಊರಿಗೆ ಬಂದುಬಿಡು ಎಂದು ಎರಡೂ ಕಡೆಯವರು ಫೋನಿನ ಮೇಲೆ ಫೋನು ಮಾಡಿದರಂತೆ. ಕಮಲವ್ವ ಎಲ್ಲರಿಗೂ ಹೂಂ ಹೂಂ ಎಂದು, ಗ್ಯಾರೇಜಿನಿಂದ ಕಾರು ಹೊರಗೆ ಹಾಕಿ ಅಲ್ಲಿ ಹೊಲಿಗೆ ಮೆಷಿನ್ ಇಟ್ಟರು. ಇವತ್ತು ಹಿಲ್‌ಕ್ರಾಫ್ಟ್ ರಸ್ತೆಯ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ, ಒಂದು ಸೀರೆ ಅಂಗಡಿಯ ಹಿಂಭಾಗದಲ್ಲಿ ಅವರ ಬ್ಲೌಸ್ ಅಂಗಡಿ ಇದೆ. ಗುಜರಾತಿಗಳು, ತೆಲುಗರು, ತಮಿಳರು, ಎಲ್ಲರೂ ಸಾಲು ನಿಲ್ಲುತ್ತಾರೆ, ಎಲ್ಲರೂ ಬೈಸಿಕೊಳ್ಳುತ್ತಾರೆ. ಇಷ್ಟು ಬಿಗಿ ಹೊಲಿಸಿಕೊಂಡು ಉಸಿರನ್ನು ಎಲ್ಲಿಂದ ಬಿಡುತ್ತೀ ಎಂದು ಮದುಮಗಳಿಗೇ ಕೇಳುವ ಬಾಯಿ ಅದು.

ನನ್ನನ್ನೇನು ಬಿಟ್ಟರೇ? ನಮ್ಮ ಮೈಸೂರು ಸಾರು ಕುಡಿದರೆ ಕೈ ತೊಳೆದುಕೊಂಡ ಹಾಗೆ ಆಗುತ್ತದಂತೆ. ನಿಮ್ಮ ರೊಟ್ಟಿ ತಿನ್ನಲು ಮೊದಲು ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು ಎಂದು ನಾನೂ ಹೇಳಿದ್ದೇನೆ. ಹೀಗೆ ನಮ್ಮದು ಹೊಂದಿಕೊಂಡು ಹೋಗುವ ಸಂಬಂಧ.

ಇಂಥ ಗಟ್ಟಿಗಿತ್ತಿ ಒಂದೇ ಒಂದು ಕಡೆ ಮುದುಡಿಕೊಳ್ಳುತ್ತಿದ್ದರು. ಸೀಮಂತಕ್ಕೆ ಅವರ ಕಡೆ ಕುಬಸ ಎನ್ನುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನದ ಬೇರು ಹಾಕಿ ಉಡಿ ತುಂಬುತ್ತಾರೆ. ಜೊತೆಗೆ ಗುಳೇದಗುಡ್ಡದ ಖಣ, ಅಂದರೆ ಅಂಚಿನ ರವಿಕೆ ಬಟ್ಟೆ. ಹ್ಯೂಸ್ಟನ್ನಿನಲ್ಲಿ ಯಾರ ಮನೆಯಲ್ಲಿ ಕುಬಸವಾದರೂ ಖಣ ಕಮಲವ್ವನ ಅಂಗಡಿಯದು, ಹೊಲಿಗೆ ಕಮಲವ್ವನದು, ಹೋಳಿಗೆಯ ಹೂರಣವೂ ಎಷ್ಟೋ ಸಲ ಕಮಲವ್ವನದು. ಉಡಿ ತುಂಬುವ ಹೊತ್ತಿಗೆ ಮಾತ್ರ ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಿದ್ದರು. ಗಂಡನಿಲ್ಲದವರು ಉಡಿ ತುಂಬಬಾರದು. ಯಾರೂ ಹೇಳಬೇಕಾಗಿರಲಿಲ್ಲ, ತಾವೇ ಎದ್ದು ಹೋಗುತ್ತಿದ್ದರು.

ಮಗಳ ಮದುವೆಯಲ್ಲೂ ಅದೇ ಕಥೆ. ಧಾರೆ ಎರೆದದ್ದು ಚಿದಾನಂದರ ಅಣ್ಣ ಅಣ್ಣಾಸಾಹೇಬ ದಂಪತಿ. ಹೆತ್ತ ತಾಯಿ ಊಟದ ಟೇಬಲಿನ ಹತ್ತಿರ ನಿಂತು ಹಪ್ಪಳ ಹಂಚುತ್ತಿದ್ದರು. ಮಂಟಪದಲ್ಲಿ ಕೂತಿದ್ದ ಪ್ರಗತಿಯ ಕಣ್ಣು ಆ ಕಡೆಗೇ ಇತ್ತು. ನನ್ನ ಮಗ ದುಷ್ಯಂತ ತಾಳಿ ಕಟ್ಟುವಾಗಲೂ ಹುಡುಗಿ ಅವನನ್ನು ನೋಡಲಿಲ್ಲ ಎಂದು ನಾನು ಆಗ ಸಿಟ್ಟಾಗಿದ್ದೆ.

ಪ್ರಗತಿ ಬಸುರಿಯಾದಳು. ಗಂಡ ಹೆಂಡತಿ ಜರ್ಮನಿಗೆ ಹೋಗಿ ಹಳೆಯ ಊರುಗಳು, ಕೋಟೆಗಳು, ದ್ರಾಕ್ಷಿ ತೋಟದ ರಸ್ತೆ ಎಲ್ಲ ನೋಡಿ ಬರಲು ಟಿಕೆಟ್ ತೆಗೆದಿದ್ದರು. ಬಿಪಿ ಏರಿತು, ವಿಮಾನ ಬೇಡವೇ ಬೇಡ ಎಂದರು ಡಾಕ್ಟರು. ಕಾರಿನಲ್ಲಿ ನಿಂತು ನಿಂತು ಹೋಗುವುದಾದರೆ ಅಡ್ಡಿಯಿಲ್ಲವಂತೆ. ಏಳನೆಯ ತಿಂಗಳಿಗೆ ಬಿದ್ದಾಗ ಕಮಲವ್ವ ತಾಯಿಯಾದವರು ಕೇಳುವ ಹಾಗೆ ಏನು ಬಯಕೆ ಎಂದು ಕೇಳಿದರು. ಉಪ್ಪಿನಕಾಯಿ, ಹುಣಸೆ ಚಿಗಳಿ ಏನಾದರೂ ಹೇಳುತ್ತಾಳೆ ಎಂದುಕೊಂಡಿದ್ದರೇನೋ. ಆ ಹುಡುಗಿ ಸೋಫಾದಲ್ಲಿ ಕಾಲು ಚಾಚಿಕೊಂಡು, ಜರ್ಮನಿ ನೋಡಬೇಕು, ಕೋಟೆ ನೋಡಬೇಕು ಎಂದಳು.

ಅವಳು ಹೇಳಿದ್ದು ತಮಾಷೆಗೆ. ಕಮಲವ್ವ ತಮಾಷೆ ಎಂದು ತಿಳಿಯುವ ಪೈಕಿ ಅಲ್ಲ. ಬಸುರಿ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲೂ ಹೇಳುತ್ತಾರೆ, ಆದರೆ ನಾವು ಅದನ್ನು ಮಾವಿನಕಾಯಿಯ ಮಟ್ಟಕ್ಕೆ ನಿಲ್ಲಿಸುತ್ತೇವೆ. ಈಯಮ್ಮ ಮಾರನೆಯ ದಿನ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಜರ್ಮನಿಯ ಬಗ್ಗೆ ವಿಚಾರಿಸಿದರು. ಜರ್ಮನಿ ಮೂರು ಗಂಟೆಯ ದಾರಿಯಲ್ಲೇ ಇದೆ ಎಂದು ಯಾರೋ ಹೇಳಿದರು. ಸುಳ್ಳೇನಲ್ಲ. ನೂರೆಂಬತ್ತು ವರ್ಷದ ಹಿಂದೆ ಹಡಗು ಹತ್ತಿ ಬಂದ ಜರ್ಮನರು ಕಟ್ಟಿದ ಊರುಗಳು ಟೆಕ್ಸಸ್ಸಿನ ಗುಡ್ಡಸೀಮೆಯಲ್ಲಿ ಸಾಲಾಗಿ ಇವೆ. ಬರ್ನೆಟ್ ಕಡೆ ಗುಡ್ಡದ ಮೇಲೆ ಒಂದು ಕೋಟೆಯೂ ಉಂಟು.

ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಫೋನು ಬಂತು. ಡಾಲಸ್ಸಿಗೂ ಹ್ಯೂಸ್ಟನ್ನಿಗೂ ನಡುವೆ ಸಿಗುತ್ತದೆ ಎಂದು ಕುಬಸವನ್ನು ಆಸ್ಟಿನ್ನಿನಲ್ಲಿ, ನನ್ನ ಮಗಳು ನಿವೇದಿತಾಳ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಅದಕ್ಕೆ ಎರಡು ದಿನ ಮೊದಲೇ ಹೊರಟು, ಜರ್ಮನಿ ತೋರಿಸಿಕೊಂಡು ಆಸ್ಟಿನ್ ಸೇರೋಣ, ನೀವೂ ಬರಬೇಕು ಎಂದರು. ಕೇಳಿದ್ದಲ್ಲ, ಹೇಳಿದ್ದು.

ಆದರೆ ಕುಬಸವೇ ನಡೆಯುತ್ತದೋ ಇಲ್ಲವೋ ಎನ್ನುವುದು ಆಗಲೂ ತೂಗಾಡುತ್ತಿತ್ತು. ಅವ್ವ ಮೊದಲು ಉಡಿ ತುಂಬಬೇಕು, ಇಲ್ಲದಿದ್ದರೆ ನನಗೆ ಕುಬಸವೇ ಬೇಡ ಎಂದು ಪ್ರಗತಿ ಕೂತುಬಿಟ್ಟಿದ್ದಳು. ನಾನು ಮುಟ್ಟಿದ್ದು ನನ್ನ ಮೊಮ್ಮಗುವಿಗೇ ತಟ್ಟೀತು, ಹಾಗಾದರೆ ಬೇಡವೇ ಬೇಡ ಎಂದು ತಾಯಿ. ಇಬ್ಬರ ಹಟವೂ ಒಂದೇ ಅಚ್ಚಿನದು. ಹಾಲ್ ತುಂಬ ಜನರನ್ನು ಕರೆದು ಆಗಿತ್ತು. ನನಗಂತೂ ಮೂಗಿನ ತುದಿಗೆ ಬಂದಿತ್ತು ಕೋಪ.

ನಾನು ಗುರುವಾರವೇ ಹೋಗಿ ಸೇರಿಕೊಂಡೆ, ಶುಕ್ರವಾರ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ಮಗನ ಮನೆಯಿಂದ ಹೊರಟೆವು. ದುಷ್ಯಂತ ಡ್ರೈವ್ ಮಾಡುತ್ತಿದ್ದ, ಪಕ್ಕದಲ್ಲಿ ಪ್ರಗತಿ, ಹಿಂದೆ ನಾವಿಬ್ಬರು ಬೀಗಿತ್ತಿಯರು, ನಮ್ಮ ನಡುವೆ ಬುತ್ತಿಯ ಬುಟ್ಟಿ. ಏಪ್ರಿಲ್ ತಿಂಗಳು. ರಸ್ತೆಯ ಎರಡೂ ಬದಿ ಬ್ಲೂಬಾನೆಟ್ ಹೂವು ನೀಲಿ ಚೆಲ್ಲಿಕೊಂಡಿತ್ತು. ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ಊಟಕ್ಕೆ ಇಳಿದರೆ ಮೆನು ಕಾರ್ಡಿನ ತುದಿಯಿಂದ ಬುಡದವರೆಗೂ ಹಂದಿ. ಬೇಕರಿಯಿಂದ ಗಂಟು ಹಾಕಿದಂಥ ಪ್ರೆಟ್ಜೆಲ್ ತಂದು, ನದಿಯ ದಂಡೆಯಲ್ಲಿ ಕೂತು, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಜರ್ಮನ್ನರಿಗೆ ಚಟ್ನಿ ಒಂದು ತಿಳಿದಿದ್ದರೆ ಊರು ಬಿಟ್ಟು ಬರುತ್ತಿರಲಿಲ್ಲ ಎಂದರು ಕಮಲವ್ವ. ಮಗಳೂ ನಕ್ಕಳು. ಆಮೇಲೆ ಕುಬಸದ ಮಾತು ಬಂತು, ಇಬ್ಬರೂ ಎರಡು ಕಿಟಕಿಗಳಿಂದ ಹೊರಗೆ ನೋಡತೊಡಗಿದರು.

ಸಂಜೆ ಫ್ರೆಡ್ರಿಕ್ಸ್‌ಬರ್ಗ್ ಮುಟ್ಟಿದೆವು. ಸುಣ್ಣದ ಕಲ್ಲಿನ ಮನೆಗಳು, ಎತ್ತಿನ ಬಂಡಿ ತಿರುಗುವಷ್ಟು ಅಗಲದ ರಸ್ತೆ, ನಡುವೆ ಎಂಟು ಮೂಲೆಯ ಪುಟ್ಟ ಚರ್ಚು. ನಾವು ಇಳಿದುಕೊಂಡದ್ದು ಒಂದು ಸಂಡೇ ಹೌಸ್‌ನಲ್ಲಿ. ದೂರದ ಹೊಲಗಳಲ್ಲಿದ್ದ ರೈತರು ಶನಿವಾರ ಪೇಟೆಗೆ ಬಂದು, ಭಾನುವಾರ ಚರ್ಚಿಗೆ ಹೋಗಿ ಮರಳುವ ಮುನ್ನ ತಂಗಲು ಕಟ್ಟಿಕೊಂಡ ಗುಬ್ಬಿಗೂಡಿನಂಥ ಮನೆ. ಒಂದು ಕೋಣೆ, ಮೇಲೊಂದು ಅಟ್ಟ, ಅಟ್ಟಕ್ಕೆ ಹೊರಗಿನಿಂದ ಮೆಟ್ಟಿಲು. ಇಬ್ಬರಿಗೆ ನಾಲ್ಕು ಬಾತ್‌ರೂಮಿನ ಮನೆ ಕಟ್ಟಿಸಿಕೊಂಡ ನಮ್ಮ ಮಕ್ಕಳನ್ನು ಕಮಲವ್ವ ಇದರ ನೆಪದಲ್ಲಿ ಚೆನ್ನಾಗಿ ಚುಚ್ಚಿದರು.

ಮನೆಯೊಡತಿ ಎರ್ನಾ, ಎಂಬತ್ತರ ಹತ್ತಿರದ ಹೆಂಗಸು, ಹಿಂದಿನ ಮನೆಯಲ್ಲೇ ಇದ್ದಳು. ಉದ್ದ ಏಪ್ರನ್, ಕೈ ತುಂಬ ಹಿಟ್ಟು. ಮಾತಿಗೊಮ್ಮೆ ಅವಳ ಗಂಡ ವಾಲ್ಟರ್. ಬಸುರಿಯರು ಮೆಟ್ಟಿಲು ಹತ್ತಬಾರದು ಎನ್ನುತ್ತಾನೆ ವಾಲ್ಟರ್. ಕಾಫಿಗೆ ಸಕ್ಕರೆ ಹಾಕುವವರು ಕಾಫಿ ಕುಡಿಯುವವರೇ ಅಲ್ಲ ಎನ್ನುತ್ತಾನೆ ವಾಲ್ಟರ್. ನಮಗೆ ವಾಲ್ಟರ್ ಕಾಣಿಸಲಿಲ್ಲ. ಗಂಡಸರು ಶೆಡ್ಡಿನಲ್ಲಿ ಏನಾದರೂ ಕುಟ್ಟುತ್ತಿರುತ್ತಾರೆ ಎಂದುಕೊಂಡೆವು. ಬೆಳಿಗ್ಗೆ ಅವಳು ಪ್ರಗತಿಗೆಂದೇ ಬ್ರೆಡ್ಡು ಸುಟ್ಟು ತಂದಳು, ಪೀಚ್ ಹಣ್ಣಿನ ಮುರಬ್ಬ ಬಡಿಸಿದಳು, ಊದಿದ ಪಾದ ನೋಡಿ ತಾನೇ ಸ್ಟೂಲು ತಂದು ಕಾಲ ಕೆಳಗಿಟ್ಟಳು.

ಹೊರಡುವ ಹೊತ್ತು ಕಮಲವ್ವ ಚಡಪಡಿಸತೊಡಗಿದರು. ಉಂಡ ಮನೆಯ ಹೆಣ್ಣುಮಗಳಿಗೆ ಉಡಿ ತುಂಬದೆ ಹೋಗುವುದು ಅವರಿಗೆ ಆಗದ ಮಾತು. ಕುಬಸಕ್ಕೆಂದು ತಂದ ಸಾಮಾನು ಡಿಕ್ಕಿಯಲ್ಲೇ ಇತ್ತು. ಒಂದು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಖಣ ಜೋಡಿಸಿ ನನ್ನ ಕೈಗೆ ಕೊಟ್ಟರು.

"ನೀವ ತುಂಬ್ರಿ ಅಕ್ಕಾವ್ರ. ನಿಮ್ಮ ಕೈ ಛಲೋದು."

ನಾನು ತುಂಬಿದೆ. ಏಪ್ರನ್ ಹಿಡಿ ಎಂದು ಎರ್ನಾಗೆ ತೋರಿಸಿಕೊಟ್ಟು, ಇದು ಮನೆ ತುಂಬಿರಲಿ, ಮಡಿಲು ತುಂಬಿರಲಿ ಎನ್ನುವ ಹಾರೈಕೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಹಣೆಗೆ ಕುಂಕುಮವನ್ನೂ ಇಟ್ಟೆ. ಅವಳು ಸಂತೋಷದಿಂದ ಕೆಂಪಾದಳು. ಮಡಿಲು ತುಂಬಲಿ ಎಂದಾದರೆ ಇದು ಇರಬೇಕಾದ್ದು ನನ್ನ ಹತ್ತಿರವಲ್ಲ ಎಂದವಳೇ, ನಾನು ಕೈ ಚಾಚುವ ಮೊದಲೇ ಜಗಲಿಯ ಬೆಂಚಿನ ಮೇಲೆ ಕೂತಿದ್ದ ಪ್ರಗತಿಯ ಮುಂದೆ ಹೋಗಿ ನಿಂತಳು. ಏಪ್ರನ್ನಿನಲ್ಲಿದ್ದ ಅಕ್ಕಿ, ಕೊಬ್ಬರಿ, ಖಣ ಎಲ್ಲವನ್ನೂ ಅವಳ ಮಡಿಲಿಗೆ ಸುರಿದಳು. ತಲೆಯ ಮೇಲೆ ಕೈಯಿಟ್ಟು ಜರ್ಮನ್ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ಕಣ್ಣೊರೆಸಿಕೊಂಡು, ವಾಲ್ಟರ್ ಇದ್ದಿದ್ದರೆ ಇದನ್ನೆಲ್ಲ ನೋಡಿ ಎಷ್ಟು ಖುಷಿಪಡುತ್ತಿದ್ದ, ಅವನು ಹೋಗಿಯೇ ಹತ್ತು ವರ್ಷದ ಮೇಲಾಯಿತು ಎಂದಳು.

ಅಯ್ಯೋ ನನ್ನ ಕರ್ಮವೇ ಎಂದುಕೊಂಡೆ. ಕಮಲವ್ವನ ಮುಖದಲ್ಲಿ ರಕ್ತವಿರಲಿಲ್ಲ. ಪ್ರಗತಿ ಮಾತ್ರ ಮಡಿಲಿನ ಅಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಥ್ಯಾಂಕ್ಯೂ ಎಂದು ಆ ಮುದುಕಿಯ ಕೆನ್ನೆಗೆ ಮುತ್ತು ಕೊಟ್ಟಳು.

ಕಾರು ಊರು ದಾಟಿತು. ಆಮೇಲೆ ಕಮಲವ್ವ, ಆಸ್ಟಿನ್ನಿನಲ್ಲಿ ಮೊದಲು ದೇವಸ್ಥಾನಕ್ಕೆ ಹೋಗೋಣ, ಕೂಸಿನ ಹೆಸರಿನಲ್ಲಿ ಒಂದು ಪೂಜೆ ಮಾಡಿಸಿಬಿಡೋಣ ಎಂದರು. ದುಷ್ಯಂತ ಆಗಲಿ ಅತ್ತೆ ಎಂದ. ಪ್ರಗತಿ ಸೀಟಿನಲ್ಲಿ ತಿರುಗಿ ಕೂತಳು. ಮನೆಯಲ್ಲಿ ಅರ್ಧಕ್ಕರ್ಧ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಸಿಟ್ಟು ಬಂದಾಗ ಅಪ್ಪಟ ಬೈಲಹೊಂಗಲ.

"ಯಾಕ ಪೂಜಿ? ಆಕಿ ಕೈಯಾಗ ಏನ್ ದೋಷ ಐತಿ, ಹೇಳವ್ವಾ."

ಕಮಲವ್ವ ಬುತ್ತಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಬೆಳಗಿನ ಜಾವ ಎದ್ದು ಮಗಳಿಗೆಂದು ಬ್ರೆಡ್ಡು ಸುಟ್ಟ ಕೈ ಅದು, ಊದಿದ ಕಾಲ ಕೆಳಗೆ ಸ್ಟೂಲು ಇಟ್ಟ ಕೈ. ಅದನ್ನು ಕೆಟ್ಟದ್ದು ಎನ್ನಲು ಈ ಹೆಂಗಸಿನ ನಾಲಿಗೆ ಹೊರಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಆಕಿ ಕೈಯಾಗ ದೋಷ ಐತಿ ಅಂದ್ರ ನನ್ನ ನಾಲಿಗಿ ಬಿದ್ದೋಗ್ಲಿ," ಎಂದರು ಕೊನೆಗೆ.

"ಹಂಗಾರ ನಿನ್ನ ಕೈಯಾಗ?"

ಕಮಲವ್ವ ಕಿಟಕಿಯ ಕಡೆ ತಿರುಗಿದರು. ಪ್ರಗತಿಯೂ ಮುಂದಕ್ಕೆ ತಿರುಗಿ ಕೂತಳು. ಅವಳ ಭುಜ ಅಲುಗುತ್ತಿತ್ತು. ದುಷ್ಯಂತ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ಅವಳ ಕೈ ಹಿಡಿದುಕೊಂಡ. ನಾನು ಬೈಯೋಣವೆಂದರೆ ಯಾರನ್ನು ಬೈಯುವುದೋ ತಿಳಿಯಲಿಲ್ಲ.

ಕೋಟೆ ಸಿಕ್ಕಿತು. ಗುಡ್ಡದ ನೆತ್ತಿಯ ಮೇಲೆ ಚೂಪು ಗೋಪುರ, ಕಲ್ಲಿನ ಗೋಡೆ, ಜರ್ಮನಿಯಿಂದ ಎತ್ತಿ ತಂದಿಟ್ಟಂತೆ. ಒಳಗೆ ಅಂದು ಯಾರದೋ ಮದುವೆ, ಗೇಟು ಮುಚ್ಚಿತ್ತು. ಯಾವ ರಾಜನದು ಎಂದು ಕಮಲವ್ವ ಕೇಳಿದರು. ರಾಜಗೀಜ ಇಲ್ಲ ಅತ್ತೆ, ಇಲ್ಲಿಯವರೇ ಆಸೆಪಟ್ಟು ಇತ್ತೀಚೆಗೆ ಕಟ್ಟಿಸಿದ್ದು, ಮದುವೆಗಳಿಗೆ ಬಾಡಿಗೆಗೆ ಕೊಡುತ್ತಾರೆ ಎಂದ ದುಷ್ಯಂತ. ಅವರಿಗೆ ಸಮಾಧಾನವಾಗಲಿಲ್ಲ. ಹೊಸ ಕೋಟೆಯಿಂದ ಬಯಕೆ ತೀರುತ್ತದೋ ಇಲ್ಲವೋ ಎನ್ನುವ ಚಿಂತೆ. ರಸ್ತೆ ಬದಿಯ ಓಕ್ ಮರದ ಕೆಳಗೆ ಚಾದರ ಹಾಸಿ, ರೊಟ್ಟಿ, ಎಣ್ಣೆಗಾಯಿ, ಮೊಸರು ಬಿಚ್ಚಿ ಮಗಳಿಗೆ ತುತ್ತು ಮಾಡಿ ತಿನ್ನಿಸಿದರು. ಪ್ರಗತಿ ಕೋಟೆ ನೋಡುತ್ತ ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದಳು.

ಬಯಕೆ ತೀರಿತೇ ಎಂದು ತಾಯಿ ಕೇಳಿದರು. ಅರ್ಧ ಎಂದಳು ಮಗಳು.

ಮಕ್ಕಳಿಬ್ಬರೂ ಫೋಟೋ ತೆಗೆದುಕೊಳ್ಳಲು ಹೋದಾಗ ಕಮಲವ್ವ ಡಬ್ಬಿಗಳನ್ನು ಮುಚ್ಚುತ್ತ ನನ್ನ ಕಡೆ ನೋಡದೆ ಹೇಳಿದರು.

"ಕೂಸು ನಿಮ್ಮ ಮನಿದು ಅಕ್ಕಾವ್ರ. ನಾ ಮುಟ್ಟಿದ್ರ ನಿಮಗ ಅಳುಕ ಇಲ್ಲೇನ್ರಿ?"

ನನಗೆ ರೇಗಿತು. ಯಾವ ಕಾಲದಲ್ಲಿದ್ದೀರಿ, ಬಾಣಂತನ ಮಾಡಲು ನಿಮ್ಮ ಕೈ ಬೇಕು, ಕೂಸಿಗೆ ನೀರು ಹಾಕಲು ನಿಮ್ಮ ಕೈ ಬೇಕು, ನಾಲ್ಕು ಕಾಳು ಅಕ್ಕಿ ಹಾಕಲು ಬೇಡವೇ ಎಂದೆ. ನಿಮ್ಮ ಮಗಳಿಗೆ ನಿಮಗಿಂತ ಶುಭ ಬಯಸುವ ಇನ್ನೊಂದು ಜೀವ ಈ ಟೆಕ್ಸಸ್ಸಿನಲ್ಲಿ ಇದ್ದರೆ ತೋರಿಸಿ ಎಂದೆ. ಚೆನ್ನಾಗಿಯೇ ಮಾತಾಡಿದೆ. ಮಾತಾಡುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಕಮಲವ್ವ ಎಲ್ಲ ಕೇಳಿ, ಡಬ್ಬಿಗಳನ್ನು ಬುಟ್ಟಿಗೆ ಹಾಕಿ, ಕಾರು ಹತ್ತಿದರು. ಆಸ್ಟಿನ್ನಿನಲ್ಲಿ ದೇವಸ್ಥಾನದ ಮಾತೆತ್ತಲಿಲ್ಲ. ಅದನ್ನು ಮಾತ್ರ ಗಮನಿಸಿದೆ.

ಭಾನುವಾರ ನಿವೇದಿತಾಳ ಮನೆಯ ಹಾಲ್ ತುಂಬ ಜನ. ನಮ್ಮವರು ಮೋಹನರಾಜರು ಮರ್ಫಿಯಿಂದ ಬೆಳಿಗ್ಗೆಯೇ ಬಂದು, ಗಂಡಸರ ಸಾಲಿನಲ್ಲಿ ಮೊದಲ ಕುರ್ಚಿ ಹಿಡಿದಿದ್ದರು. ಪ್ರಗತಿ ಹಸಿರು ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕೂತಳು. ಕೂತದ್ದೇ ದೊಡ್ಡದು. ಸೆರಗು ಮಾತ್ರ ಒಡ್ಡಿರಲಿಲ್ಲ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಪ್ಲೇನೋದಿಂದ ಬಂದ ಆಂಟಿಯೊಬ್ಬರು ತಟ್ಟೆ ಹಿಡಿದು ಮುಂದೆ ಹೋದರೆ ಇನ್ನೂ ಆಗಲಿಲ್ಲ ಆಂಟಿ, ಒಂದು ನಿಮಿಷ ಎಂದಳು. ನಿಮಿಷ ಕಳೆಯಿತು. ಅಡುಗೆಮನೆಯಲ್ಲಿ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನಾನು ಕರೆಯಲು ಏಳಬೇಕು ಎನ್ನುವಷ್ಟರಲ್ಲಿ ನೀರು ನಿಂತಿತು.

ಕಮಲವ್ವ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಹಾಲ್‌ನಲ್ಲಿ ಯಾರೂ ಇಲ್ಲವೇನೋ ಎಂಬಂತೆ ನೆಟ್ಟಗೆ ನಡೆದು ಬಂದು ಮಗಳ ಮುಂದೆ ಕೂತರು. ಪ್ರಗತಿ ಸೆರಗು ಬಿಡಿಸಿ ಒಡ್ಡಿದಳು. ಮೊದಲ ಬೊಗಸೆಯ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಎರಡನೆಯದು ಸರಿಯಾಗಿ ಬಿತ್ತು. ಕೊಬ್ಬರಿ ಇಟ್ಟರು, ಖಣ ಇಟ್ಟರು, ಮಗಳ ಗಲ್ಲ ಹಿಡಿದು ಹಣೆಗೆ ಹಣೆ ಹಚ್ಚಿದರು. ತಾಯಿ ಮಗಳು ಇಬ್ಬರೂ ಜನರೆದುರು ಗಳಗಳನೆ ಅತ್ತರು. ನಾನೂ ಅತ್ತೆ, ಮುಚ್ಚುಮರೆ ಏನು. ಪ್ಲೇನೋ ಆಂಟಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ನಾನು ಒಂದು ಸಲ ನೋಡಿದೆ, ಸುಮ್ಮನಾದರು.

ಅವರ ಪದ್ಧತಿಯಲ್ಲಿ ಬಸುರಿಯ ನಂತರ ತವರಿನವರು ಅತ್ತೆಗೆ ಉಡಿ ತುಂಬಬೇಕು. ಕಮಲವ್ವ ನನಗೆಂದು ಇಟ್ಟಿದ್ದ ತಟ್ಟೆ ಎತ್ತಿಕೊಂಡು ಎದ್ದರು, ನನ್ನ ಕಡೆಗೆ ಬಂದರು, ಬಂದವರು ಅರ್ಧದಲ್ಲಿ ನಿಂತರು. ಅವರ ಕಣ್ಣು ನನ್ನನ್ನು ದಾಟಿ ಕುರ್ಚಿಯಲ್ಲಿದ್ದ ಮೋಹನರಾಜರ ಮೇಲೆ ಹೋಯಿತು. ಹೋದ ವರ್ಷವಷ್ಟೇ ಅವರ ಎದೆಯೊಳಗೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೆವು. ಕಮಲವ್ವ ಆ ದಿನಗಳಲ್ಲಿ ಅಂಗಡಿ ಮುಚ್ಚಿ ಮರ್ಫಿಗೆ ಬಂದು ನಮ್ಮ ಮನೆಯ ಅಡುಗೆ ಮಾಡಿದ್ದರು. ಈಗ ಅವರು ತಟ್ಟೆಯನ್ನು ಮೆಲ್ಲಗೆ ನಿವೇದಿತಾಳ ಕಡೆ ಚಾಚಿದರು, ನೀನೇ ತುಂಬವ್ವ ಎನ್ನುವಂತೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ. ಓಕ್ ಮರದ ಕೆಳಗೆ ಅಷ್ಟು ಪುರಾಣ ಹೇಳಿದವಳು ನಾನು. ಆಗ ಮಾತಾಡಿದ್ದು ಇನ್ನೊಬ್ಬರ ಮಡಿಲಿನ ಬಗ್ಗೆ. ಈಗಿನ ಮಡಿಲು ನನ್ನದು, ಕುಂಕುಮ ನನ್ನದು. ತಟ್ಟೆ ನಿವೇದಿತಾಳ ಕೈಗೆ ಹೋಗಿಬಿಡಲಿ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಗಂಡನ ಮುಖ ನೋಡಿದೆ. ಅವರು ಪಕ್ಕದವರ ಜೊತೆ ಪೆಟ್ರೋಲ್ ರೇಟು ಮಾತಾಡುತ್ತಿದ್ದರು.

ಎದ್ದೆ. ನಿವೇದಿತಾಳ ಕೈಯಿಂದ ತಟ್ಟೆ ಕಿತ್ತು ಕಮಲವ್ವನ ಕೈಗೇ ಕೊಟ್ಟೆ. ಅವರ ಮುಂದೆ ಸೆರಗು ಒಡ್ಡಿ ನಿಂತೆ. ಹೆದರಿಕೊಂಡೇ ಒಡ್ಡಿದೆ. ಹೆದರಿಕೊಂಡೇ ಅವರೂ ತುಂಬಿದರು. ಬೊಗಸೆ ಬೊಗಸೆಯಾಗಿ ಅಕ್ಕಿ ಬಿದ್ದು ಸೆರಗು ಕೆಳಕ್ಕೆ ಜಗ್ಗಿತು.

"ಸಾಕೇನ್ರಿ, ಅಕ್ಕಾವ್ರ?" ಎಂದರು ಕಮಲವ್ವ, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ.

"ಇನ್ನೊಂದು ಬೊಗಸೆ ಹಾಕಿ," ಎಂದೆ.